ಅದೇ ತಟ್ಟೆಯ ಮೂರನೆಯ ಪ್ರತಿ ಕೊಳ್ಳಬೇಕೇ?

ಸಾಧನಕೇರಿ ಕಾಕಾ
ಹುಬ್ಬಳ್ಳಿಯ ದುರ್ಗದ ಬೈಲಿನ ಹಿಂದಿನ ಓಣಿಯ ಒಂದು ಗುಜರಿ ಅಂಗಡಿಗೆ ಗಂಗೂಬಾಯಿ ಹಾನಗಲ್ ಅವರ ಹಳೆಯ ಎಚ್‌ಎಂವಿ ಕಂಪನಿಯ ಗ್ರಾಮಫೋನ್ ತಟ್ಟೆಯೊಂದು ಬಂದಿದೆ. ನಿಮಿಷಕ್ಕೆ 78 ಸುತ್ತಿನ ವೇಗದ್ದು. ಲೇಬಲ್ ಮೇಲೆ ಅವರ ಹೆಸರು ಇನ್ನೂ ‘ಗಾಂಧಾರಿ’ ಎಂದೇ ಅಚ್ಚಾಗುತ್ತಿದ್ದ ಕಾಲದ್ದು. ಅಂಚಿನಲ್ಲಿ ಇಲಿ ಕಡಿದಂತೆ ಒಂದು ಚೂರು ಹಾರಿದೆ, ಗೆರೆಯವರೆಗೆ ಬಂದಿಲ್ಲ. ಅಂಗಡಿಯವನು ಎರಡು ಸಾವಿರ ಹೇಳುತ್ತಿದ್ದಾನೆ.

ವಿಷಯ ಏನೆಂದರೆ, ಇದೇ ತಟ್ಟೆ ನನ್ನ ಬಳಿ ಈಗಾಗಲೇ ಎರಡಿವೆ. ಮನೆಯಲ್ಲಿ ಬಾಯಿ ಬಿಟ್ಟೆ. ‘ಎರಡು ಕಿವಿಗೆ ಎರಡು ಆಯಿತು, ಮೂರನೆಯದು ಯಾವ ಕಿವಿಗೆ?’ ಎಂಬ ಪ್ರಶ್ನೆ ಬಂತು. ಉತ್ತರ ಹೊಳೆಯಲಿಲ್ಲ. ಆದರೂ ಕೈ ತುರಿಸುತ್ತಿದೆ. ನಾಣ್ಯ, ಅಂಚೆಚೀಟಿ, ಪುಸ್ತಕ, ಏನೇ ಸಂಗ್ರಹಿಸುವವರಿರಲಿ, ಹೇಳಿ: ನೀವು ಎಲ್ಲಿ ನಿಲ್ಲಿಸುತ್ತೀರಿ? ನಿಲ್ಲಿಸುವ ಜಾಗ ಅಂತ ಒಂದು ಇದೆಯೇ?

ತೂತುದುಡ್ಡು
ಇಲ್ಲಿ ಬರೆಯುವಷ್ಟರಲ್ಲಿ ಯಾರೋ ಎತ್ತಿಕೊಂಡು ಹೋಗಿರುತ್ತಾರೆ.

ಕುಂದಗೋಳದ ಕಿವಿ
ಕೊಳ್ಳಿ ಕಾಕಾ, ಇದರಲ್ಲಿ ಕೇಳುವುದೇನಿದೆ? ನಾವೆಲ್ಲ ಆಕಾಶವಾಣಿಯಲ್ಲಿ ಕೇಳಿ ಬೆಳೆದದ್ದು ಗಂಗಜ್ಜಿಯ ಗಂಡುದನಿಯನ್ನು. ಅದು ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದ ಧ್ವನಿ. ಅದಕ್ಕೂ ಹಿಂದೆ ಅವರಿಗಿದ್ದ ತೆಳ್ಳನೆಯ ಹೆಣ್ಣುದನಿ ಕೇಳಬೇಕೆಂದರೆ ಈ ತಟ್ಟೆಗಳ ಹೊರತು ಬೇರೆ ದಾರಿಯಿಲ್ಲ.

ಮೂರನೆಯ ಪ್ರತಿ ಯಾವ ಕಿವಿಗೆ ಎಂದು ಕಾಕೂ ಅವರಿಗೆ ಹೀಗೆ ಹೇಳಿ. ಹತ್ತಿಂಚಿನ ತಟ್ಟೆಯ ಒಂದು ಬದಿ ಎಂದರೆ ಮೂರು, ಮೂರೂವರೆ ನಿಮಿಷ. ಒಂದು ಪ್ರತಿಯಲ್ಲಿ ಮೊದಲ ಸುತ್ತುಗಳು ಸವೆದಿರುತ್ತವೆ, ಏಕೆಂದರೆ ಮುಳ್ಳು ಇಳಿಸುವಾಗ ಎಲ್ಲರ ಕೈಯೂ ಅಲ್ಲಿಯೇ ನಡುಗುವುದು. ಇನ್ನೊಂದರಲ್ಲಿ ಕೊನೆಯ ತಾನಗಳು ಕರಕರ ಎನ್ನುತ್ತವೆ, ಏಕೆಂದರೆ ಒಳಗಿನ ಗೆರೆಗಳಿಗೆ ಬರುವಷ್ಟರಲ್ಲಿ ಉಕ್ಕಿನ ಮುಳ್ಳು ಮೊಂಡಾಗಿರುತ್ತದೆ. ಎರಡರಲ್ಲೂ ಹಾಳಾದ ಜಾಗ ಮೂರನೆಯದರಲ್ಲಿ ಸರಿಯಿರಬಹುದು. ಮೂರನ್ನೂ ಕಂಪ್ಯೂಟರಿಗೆ ಇಳಿಸಿ, ಒಳ್ಳೆಯ ತುಣುಕುಗಳನ್ನು ಸೇರಿಸಿ ಒಂದು ಪೂರ್ಣ ಹಾಡು ಮಾಡಬಹುದು. ಅದು ಹುಚ್ಚಲ್ಲ, ಕೆಲಸ.

ಅಟ್ಟದ ಕೆಳಗಿನವಳು
ಕಾಕೂ ಅವರ ಪ್ರಶ್ನೆಗೆ ನನ್ನ ಪೂರ್ಣ ಬೆಂಬಲವಿದೆ. ಕುಂದಗೋಳದವರೇ, ನೀವು ಹೇಳಿದ್ದು ಕೇಳಲು ಚೆನ್ನಾಗಿದೆ. ಆ ಎರಡು ಪ್ರತಿಗಳನ್ನು ಕಂಪ್ಯೂಟರಿಗೆ ಇಳಿಸಿದ್ದಾರೆಯೇ ಎಂದು ಮೊದಲು ಕಾಕಾ ಅವರನ್ನು ಕೇಳಿ.

ಸಾಧನಕೇರಿ ಕಾಕಾ
ಇಳಿಸಬೇಕು. ಮಳೆಗಾಲ ಮುಗಿಯಲಿ.

ಅಟ್ಟದ ಕೆಳಗಿನವಳು
ಯಾವ ವರ್ಷದ ಮಳೆಗಾಲ?

ತೂತುದುಡ್ಡು
ಅಕ್ಕಾ, ನೀವು ನಮ್ಮ ಮನೆಯವರಲ್ಲವಷ್ಟೇ? ಮಾತು ಹಾಗೆಯೇ ಇದೆ.

ನಾನು 1943ರಿಂದ 1947ರವರೆಗೆ ಬಂದ ಒಂದು ಪೈಸೆಯ ತೂತಿನ ನಾಣ್ಯ ಸೇರಿಸುತ್ತೇನೆ. ಯುದ್ಧಕಾಲದಲ್ಲಿ ತಾಮ್ರ ಉಳಿಸಲು ನಡುವೆ ತೂತು ಹೊಡೆದು ಅಚ್ಚು ಹಾಕಿದ್ದರು. ಹೊರಗಿನವರಿಗೆ ಎಲ್ಲವೂ ಒಂದೇ. ಆದರೆ ಕಿರೀಟ ಚಪ್ಪಟೆಯಾಗಿದೆಯೋ ದುಂಡಗಿದೆಯೋ, ಇಸವಿಯ ಅಂಕಿ ಚಿಕ್ಕದೋ ದೊಡ್ಡದೋ ಎಂದು ನೋಡುತ್ತಾ ಹೋದರೆ ಐದು ವರ್ಷದ ನಾಣ್ಯ ಒಂದು ಆಲ್ಬಮ್ ತುಂಬುತ್ತದೆ. ‘ಪೂರ್ತಿ ಆಯಿತು’ ಎಂದುಕೊಂಡ ದಿನ ಯಾರೋ ಒಬ್ಬರು ಹೊಸ ಭೇದ ತೋರಿಸುತ್ತಾರೆ. ಸಿಟ್ಟು ಬರಬೇಕು, ಆದರೆ ಖುಷಿಯಾಗುತ್ತದೆ. ಪೂರ್ತಿಯಾಗಿಬಿಟ್ಟರೆ ಭಾನುವಾರ ಏನು ಮಾಡುವುದು?

ಬೈಲಿನ ರದ್ದಿ
ಕಾಕಾ ಹೇಳಿದ ಅಂಗಡಿ ನನ್ನದಲ್ಲ. ಆದರೆ ನಮ್ಮದೂ ಅದೇ ವ್ಯಾಪಾರ, ತಂದೆಯ ಕಾಲದಿಂದ. ಹಾಗಾಗಿ ಕಟ್ಟೆಯ ಈ ಬದಿಯಿಂದ ಎರಡು ಮಾತು.

ಸಂಗ್ರಹಕಾರ ಅಂಗಡಿಗೆ ಬಂದರೆ ಮುಖ ನೋಡಿಯೇ ಗೊತ್ತಾಗುತ್ತದೆ. ಅವರು ಬೇಕಾದ ವಸ್ತುವನ್ನು ಮೊದಲು ಮುಟ್ಟುವುದಿಲ್ಲ. ಒಳಗೆ ಬಂದು ಒಮ್ಮೆ ಕಣ್ಣಾಡಿಸುತ್ತಾರೆ, ಕಣ್ಣು ಒಂದು ಕಡೆ ಅರೆಕ್ಷಣ ನಿಲ್ಲುತ್ತದೆ, ತಕ್ಷಣ ಬೇರೆ ಕಡೆ ತಿರುಗುತ್ತದೆ. ಆಮೇಲೆ ಹಳೆಯ ಕ್ಯಾಲೆಂಡರ್ ತಿರುವಿಹಾಕುತ್ತಾರೆ, ಹಿತ್ತಾಳೆ ತಂಬಿಗೆಯ ತೂಕ ಕೇಳುತ್ತಾರೆ, ಬೇಡದ ಒಂದು ಗಡಿಯಾರಕ್ಕೆ ಚೌಕಾಸಿ ಮಾಡುತ್ತಾರೆ. ಹೊರಡುವಾಗ ಬಾಗಿಲಲ್ಲಿ ನಿಂತು, ‘ಹಾಂ, ಅದೇನೋ ಪ್ಲೇಟು ಬಿದ್ದಿದೆಯಲ್ಲ, ಅದನ್ನೂ ಹಾಕಿಬಿಡು’ ಎನ್ನುತ್ತಾರೆ. ನಾವು ಬೆಲೆ ಏರಿಸುವುದು ಆ ‘ಅದೇನೋ’ ಎಂಬ ಮಾತಿಗೆ.

ಇನ್ನೊಂದು ಜಾತಿ ಇದೆ. ವಸ್ತುವಿನ ದೋಷವನ್ನೇ ಹೇಳುತ್ತಿರುತ್ತಾರೆ. ಇದು ಬಿರುಕು, ಅದು ಮಸುಕು, ಇದಕ್ಕೆ ಬೆಲೆಯೇ ಇಲ್ಲ. ಬೆಲೆಯಿಲ್ಲದ ವಸ್ತುವಿನ ಮುಂದೆ ಅರ್ಧ ತಾಸು ಏಕೆ ನಿಂತಿದ್ದೀರಿ ಎಂದು ನಾನು ಕೇಳುವುದಿಲ್ಲ. ಚಹಾ ತರಿಸುತ್ತೇನೆ.

ಕಾಳಿ ಎರಡು
ತಟ್ಟೆಯ ವಿಷಯಕ್ಕೆ ಬರೋಣ. ಕುಂದಗೋಳದವರು ‘ತೆಳ್ಳನೆಯ ಧ್ವನಿ’ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಾರೆ. ಹಳೆಯ ತಟ್ಟೆಗಳೆಲ್ಲ 78ರ ವೇಗದಲ್ಲಿಯೇ ಮುದ್ರಣವಾದವಲ್ಲ. 76ರ ವೇಗದಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಹಾಕಿದರೆ ಯಾರ ಧ್ವನಿಯೂ ತೆಳ್ಳಗೆ ಕೇಳುತ್ತದೆ. ಅದು ಯಂತ್ರದ ಚಮತ್ಕಾರ, ಗಾಯಕಿಯದಲ್ಲ. ಅಂಚು ಹಾರಿದ ತಟ್ಟೆಗೆ ಎರಡು ಸಾವಿರ ಎಂದರೆ ಹಗಲುದರೋಡೆ. ಬಿಟ್ಟುಬಿಡಿ ಕಾಕಾ.

ಕುಂದಗೋಳದ ಕಿವಿ
ಹಾರ್ಮೋನಿಯಂ ಪಟ್ಟಿಯ ಹೆಸರಿಟ್ಟುಕೊಂಡು ಹೀಗೆ ಬರೆಯಬಹುದೇ? ಲೆಕ್ಕ ಹಾಕಿ ನೋಡಿ. 76ರಿಂದ 78ಕ್ಕೆ ಹೋದರೆ ವೇಗ ಹೆಚ್ಚುವುದು ನೂರಕ್ಕೆ ಎರಡೂವರೆ ಪಾಲಿನಷ್ಟು. ಒಂದು ಪಟ್ಟಿ ಮೇಲಕ್ಕೆ, ಅಂದರೆ ಬಿಳಿಯಿಂದ ಪಕ್ಕದ ಕಪ್ಪಿಗೆ ಏರಲು ನೂರಕ್ಕೆ ಸುಮಾರು ಆರು ಬೇಕು. ನಿಮ್ಮ ಯಂತ್ರದ ಚಮತ್ಕಾರದಿಂದ ಅರ್ಧ ಪಟ್ಟಿಯೂ ಏರುವುದಿಲ್ಲ. ಅಲ್ಲದೆ ವೇಗ ಏರಿದರೆ ತಬಲಾದ ಲಯವೂ ಓಡಬೇಕು. ಅವರ ಮೊದಲಿನ ಮತ್ತು ನಂತರದ ಧ್ವನಿಗಿರುವ ಅಂತರ ಇದಲ್ಲ.

ಕಾಳಿ ಎರಡು
ಅಂಚು ಹಾರಿದ್ದಂತೂ ನಿಜ.

ರಾಣೇಬೆನ್ನೂರು ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ 1818ರ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯ ಸಿಕ್ಕಿದೆ. ಒಂದು ಬದಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಬದಿ ‘ಹಾಫ್ ಆಣಾ’ ಎಂದಿದೆ. ಯೂಟ್ಯೂಬಿನಲ್ಲಿ ಇದಕ್ಕೆ ಹತ್ತು ಲಕ್ಷ ಎನ್ನುತ್ತಾರೆ. ಯಾರಿಗೆ ಮಾರಬೇಕು?

ತೂತುದುಡ್ಡು
ತಮ್ಮಾ, ಅದನ್ನು ದೇವರ ಜಗಲಿಯ ಮೇಲಿಡು. ಕಂಪನಿ ಸರ್ಕಾರ ನಮ್ಮ ದೇವರ ಚಿತ್ರವಿರುವ ನಾಣ್ಯ ಹೊರಡಿಸಲೇ ಇಲ್ಲ.

ಏಲಕ್ಕಿ ಹಾರ
ಹೊರಡಿಸಲೇ ಇಲ್ಲ ಎಂದರೆ ತಪ್ಪಾಗುತ್ತದೆ ತೂತುದುಡ್ಡು ಅವರೇ. ಮದರಾಸಿನಲ್ಲಿ ಕಂಪನಿ ಅಚ್ಚು ಹಾಕಿದ ಪಗೋಡಾ, ಅಂದರೆ ವರಹದ ಮೇಲೆ ಒಂದು ಬದಿ ದೇವಸ್ಥಾನದ ಗೋಪುರ, ಇನ್ನೊಂದು ಬದಿ ಚುಕ್ಕಿಗಳ ನಡುವೆ ವಿಷ್ಣುವಿದ್ದಾನೆ. ದಕ್ಷಿಣದಲ್ಲಿ ವರಹ ಚಲಾವಣೆಯಾಗಬೇಕಿದ್ದರೆ ದೇವರು ಬೇಕಿತ್ತು, ವ್ಯಾಪಾರಿಗಳಿಗೆ ಅದು ಗೊತ್ತಿತ್ತು.

ಆದರೆ ಹುಡುಗ ಹೇಳುತ್ತಿರುವುದು ಅದಲ್ಲ. 1818ರ ರಾಮ ದರ್ಬಾರಿನ ತಾಮ್ರದ ಅರ್ಧ ಆಣೆ ಚಲಾವಣೆಯ ನಾಣ್ಯವೇ ಅಲ್ಲ. ಜಾತ್ರೆ, ದೇವಸ್ಥಾನಗಳ ಮುಂದೆ ಮಾರುವ ಟೋಕನ್. ಹಾವೇರಿಯ ಸಂತೆಯಲ್ಲಿಯೂ ಸಿಗುತ್ತದೆ. ಇದೇ ನಾಣ್ಯವನ್ನು ಹಿಡಿದುಕೊಂಡು ‘ಇದಕ್ಕೆ ದೈವಶಕ್ತಿಯಿದೆ, ಅಕ್ಕಿಕಾಳನ್ನು ಎಳೆಯುತ್ತದೆ, ರೈಸ್ ಪುಲ್ಲಿಂಗ್’ ಎಂದು ಮೋಸ ಮಾಡುವ ತಂಡಗಳಿವೆ. ‘ಪರೀಕ್ಷೆಯ ಖರ್ಚು’ ಎಂದು ಮೊದಲು ನಿನ್ನಿಂದಲೇ ಹಣ ಕೇಳುತ್ತಾರೆ. ಹಳೆಯ ನೋಟು, ನಾಣ್ಯ ಮಾರಿಸಿಕೊಡುತ್ತೇವೆ ಎಂದು ತನ್ನ ಹೆಸರಿನಲ್ಲಿ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ ಆಗಸ್ಟ್ 2021ರಲ್ಲಿ ಪ್ರಕಟಣೆ ಕೊಟ್ಟಿತ್ತು.

ತೂತುದುಡ್ಡು
ಪಗೋಡಾ ಚಿನ್ನ, ನಾನು ಹೇಳಿದ್ದು ತಾಮ್ರದ ಬಗ್ಗೆ.

ಏಲಕ್ಕಿ ಹಾರ
‘ನಾಣ್ಯ’ ಎಂದು ಬರೆದಿದ್ದೀರಿ. ಮೇಲೆ ಇದೆ, ನೋಡಿ.

ರಾಣೇಬೆನ್ನೂರು ಹುಡುಗ
ಹಾಗಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬೆಲೆ ಬರುತ್ತದೆಯೇ? ಕಪ್ಪಾಗಿದೆ.

ತೂತುದುಡ್ಡು
ಟೋಕನ್ ಆದರೆ ಏನು ಬೇಕಾದರೂ ಹಚ್ಚು. ನಿಜವಾದ ಹಳೆಯ ನಾಣ್ಯ ಕೈಗೆ ಬಂದರೆ ಮಾತ್ರ ಹುಣಸೆಹಣ್ಣನ್ನು ಸಾರಿಗೆ ಇಟ್ಟುಕೋ. ತಾಮ್ರದ ಮೇಲೆ ವರ್ಷಗಟ್ಟಲೆ ಕೂತ ಆ ಕಪ್ಪು ಪದರವೇ ಅದರ ಚರ್ಮ. ತಿಕ್ಕಿ ಹೊಳೆಯಿಸಿದ ನಾಣ್ಯವನ್ನು ಬಲ್ಲವರು ಯಾರೂ ಕೊಳ್ಳುವುದಿಲ್ಲ.

ಗದುಗಿನ ಅಂಚೆಚೀಟಿ
ಕಾಕಾ, ನನ್ನ ಮಟ್ಟಿಗೆ ನಿಲ್ಲಿಸುವ ಜಾಗ ಇದೆ. ‘ಎಲ್ಲ ದೇಶದ ಚೀಟಿ’ ಎಂದು ಹೊರಟವರು ಮುಳುಗುತ್ತಾರೆ. ನಾನು ಸಂಗೀತಗಾರರ ಚೀಟಿ ಮಾತ್ರ ಸೇರಿಸುತ್ತೇನೆ. 2014ರ ಸೆಪ್ಟೆಂಬರ್ 3ರಂದು ಬಂದ ಎಂಟು ಚೀಟಿಗಳ ಸರಣಿ ನೆನಪಿದೆಯೇ? ರವಿಶಂಕರ್, ವಿಲಾಯತ್ ಖಾನ್, ಅಲಿ ಅಕ್ಬರ್ ಖಾನ್, ಪಟ್ಟಮ್ಮಾಳ್ ಅವರನ್ನು ಬಿಟ್ಟರೆ ಉಳಿದ ನಾಲ್ವರು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ. ಇಡೀ ದೇಶದ ಸಂಗೀತಕ್ಕೆ ಎಂಟು ಚೀಟಿ, ಅದರಲ್ಲಿ ಅರ್ಧ ನಮ್ಮ ಕಡೆಯ ನಾಲ್ಕು ಊರಿನ ಮಣ್ಣು. ನನಗೆ ಇಷ್ಟು ಸಾಕು.

ಆದರೆ ಅದಲು ಬದಲು ಮಾಡುವವರ ಸಹವಾಸ ಸಾಕಾಗಿದೆ. ತಮ್ಮ ಬಳಿ ಒಂದೇ ಚೀಟಿಯ ಹತ್ತು ಪ್ರತಿ ಇದ್ದರೂ ಪ್ರತಿಯೊಂದೂ ಕೋಹಿನೂರು. ನಮ್ಮದು ಮಾತ್ರ ಕಸ.

ಸಪ್ತಾಪುರ ವಿದ್ಯಾರ್ಥಿನಿ
ಇದಕ್ಕೆ ಒಂದು ಹಳೆಯ ಪ್ರಯೋಗವಿದೆ ಸರ್. 1990ರಲ್ಲಿ ಕಾನ್‌ಮನ್, ಕ್ನೆಟ್ಷ್, ಥೇಲರ್ ಎಂಬ ಮೂವರು ಸಂಶೋಧಕರು ಪ್ರಕಟಿಸಿದ್ದು. ತರಗತಿಯಲ್ಲಿ ಅರ್ಧ ಜನಕ್ಕೆ ಕಾಫಿ ಮಗ್ ಕೊಟ್ಟು ಮಾರಲು ಹೇಳಿದರು, ಉಳಿದವರಿಗೆ ಕೊಳ್ಳಲು ಹೇಳಿದರು. ಮಗ್ ಕೈಯಲ್ಲಿದ್ದವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧರಿದ್ದ ಬೆಲೆಯ ಸುಮಾರು ಎರಡರಷ್ಟು. ಕೈಗೆ ಬಂದು ಕೆಲವೇ ನಿಮಿಷಗಳಾಗಿದ್ದ ಮಗ್‌ಗೆ ಇದು. ಮೂವತ್ತು ವರ್ಷ ಇಟ್ಟುಕೊಂಡ ಚೀಟಿಯ ಕಥೆ ನೀವೇ ಊಹಿಸಿ.

ನಾನು ಮನಃಶಾಸ್ತ್ರ ಓದುತ್ತಿದ್ದೇನೆ, ಅದಕ್ಕೇ ಇನ್ನೊಂದು ಮಾತು. ಮನೆಯವರು ಸಿಟ್ಟಿನಲ್ಲಿ ‘ಇದು ರೋಗ’ ಎನ್ನುತ್ತಾರಲ್ಲ, ಎಲ್ಲ ಸಂಗ್ರಹವೂ ರೋಗವಲ್ಲ. ಮನೋರೋಗಗಳನ್ನು ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ವಸ್ತುಗಳನ್ನು ಗುಡ್ಡೆ ಹಾಕುವ ತೊಂದರೆಯನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದರು. ಅದರ ಗುರುತು ಬೇರೆ: ಏನನ್ನೂ ಎಸೆಯಲಾಗದ ಸಂಕಟ, ಮಂಚದ ಮೇಲೆ ಮಲಗಲು, ಒಲೆಯ ಮುಂದೆ ನಿಲ್ಲಲು ಜಾಗವಿಲ್ಲದಷ್ಟು ರಾಶಿ. ಸಂಗ್ರಹಕಾರರು ಆರಿಸುತ್ತಾರೆ, ಜೋಡಿಸುತ್ತಾರೆ, ಬೇಡವೆಂದೂ ಹೇಳುತ್ತಾರೆ.

ಅಟ್ಟದ ಕೆಳಗಿನವಳು
‘ಬೇಡವೆಂದೂ ಹೇಳುತ್ತಾರೆ’ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಬರೆ ತಂಗಿ. ನಾನು ಇನ್ನೂ ನೋಡಿಲ್ಲ.

ತಮಾಷೆ ಬದಿಗಿರಲಿ. ನನ್ನ ಮಾವನವರು ಗದಗಿನಲ್ಲಿ ಶಾಲಾ ಶಿಕ್ಷಕರಾಗಿದ್ದರು. ಬೆಂಕಿಪೆಟ್ಟಿಗೆಯ ಚೀಟಿ, ಕಂಪನಿ ನಾಟಕಗಳ ಹಸ್ತಪತ್ರಿಕೆ, 1956ರಲ್ಲಿ ಶುರುವಾದಾಗಿನಿಂದ ‘ಕಸ್ತೂರಿ’ಯ ಸಂಚಿಕೆಗಳು. ಯಾವ ಚೀಟಿ ಯಾವ ಜಾತ್ರೆಯಲ್ಲಿ ಸಿಕ್ಕಿತು, ಯಾವ ಕಂಪನಿ ಯಾವ ಮೈದಾನದಲ್ಲಿ ತಂಬು ಹಾಕಿತ್ತು, ಎಲ್ಲ ಬಾಯಲ್ಲಿತ್ತು. ಕಾಗದದ ಮೇಲೆ ಏನೂ ಇರಲಿಲ್ಲ. ಅವರು ಹೋದ ಮೇಲೆ ಟ್ರಂಕುಗಳು ಉಳಿದವು, ಅವುಗಳೊಳಗಿನ ವಿಷಯ ಹೋಯಿತು. ಪತ್ರಿಕೆಗಳು ಕಿಲೋ ಲೆಕ್ಕದಲ್ಲಿ ಹೋದವು. ಯಾರನ್ನು ಬೈಯುವುದು? ನಮಗೆ ಗೊತ್ತಿದ್ದದ್ದು ‘ಹಳೆಯದು’ ಎಂಬುದೊಂದೇ.

ಹಸ್ತಪತ್ರಿಕೆಗಳನ್ನು ನಾನು ಇಟ್ಟುಕೊಂಡೆ. ಒಂದರ ಹಿಂದೆ ಮಾತ್ರ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಾರೆ: ‘ನೆಲದ ಟಿಕೀಟು. ಎರಡನೆಯ ಅಂಕಕ್ಕೆ ಕರೆಂಟು ಹೋಯಿತು. ಕಂದೀಲು ಹಿಡಿದು ಆಡಿದರು. ರಾಜನ ಮೀಸೆ ಕಳಚಿತು, ಯಾರೂ ನಗಲಿಲ್ಲ.’ ಇಡೀ ಟ್ರಂಕಿನಲ್ಲಿ ನನಗೆ ಅರ್ಥವಾಗುವ ವಸ್ತು ಅದೊಂದೇ. ಆದ್ದರಿಂದ ಕಾಕಾ, ಮೂರನೆಯದನ್ನು ಕೊಳ್ಳಿ, ನಾಲ್ಕನೆಯದನ್ನೂ ಕೊಳ್ಳಿ. ಆದರೆ ಪ್ರತಿ ತಟ್ಟೆಯ ಚೀಲದೊಳಗೆ ಒಂದು ಚೀಟಿ ಬರೆದಿಡಿ. ಎಲ್ಲಿ ಸಿಕ್ಕಿತು, ಯಾರ ಮನೆಯದು, ಎಷ್ಟು ಕೊಟ್ಟಿರಿ.

ತೂತುದುಡ್ಡು
ಎಲ್ಲಿ ಸಿಕ್ಕಿತು ಎಂದು ಬರೆಯುತ್ತೇನೆ. ಎಷ್ಟು ಕೊಟ್ಟೆ ಎಂದು ಬರೆಯುವುದಿಲ್ಲ. ನಾನಿನ್ನೂ ಬದುಕಬೇಕು.

ಏಲಕ್ಕಿ ಹಾರ
ಅಕ್ಕ ಹೇಳಿದ್ದರಲ್ಲಿ ‘ಎಲ್ಲಿ ಸಿಕ್ಕಿತು’ ಎಂಬುದೇ ಜೀವ. ನಾಣ್ಯದಲ್ಲಂತೂ ಇನ್ನೂ ಹೆಚ್ಚು. ಲಕ್ಕುಂಡಿಯಲ್ಲಿ ಚಾಲುಕ್ಯರ ಕಾಲದ ಟಂಕಸಾಲೆಯಿತ್ತು, ಊರಿನ ಹಳೆಯ ಹೆಸರು ಹೊತ್ತ ಚಿನ್ನದ ನಾಣ್ಯ, ಲೊಕ್ಕಿಗುಂಡಿಯ ಗದ್ಯಾಣ, ಶಾಸನಗಳಲ್ಲಿ ಬರುತ್ತದೆ. ಅಂಥ ಊರಿನ ಹೊಲದಲ್ಲಿ ಸಿಕ್ಕ ನಾಣ್ಯಕ್ಕೂ ಮುಂಬೈ ಹರಾಜಿನಲ್ಲಿ ಕೊಂಡ ಅದೇ ನಾಣ್ಯಕ್ಕೂ ತೂಕ ಒಂದೇ, ಆದರೆ ಮೊದಲನೆಯದು ಇತಿಹಾಸಕ್ಕೆ ಸಾಕ್ಷಿ ಹೇಳುತ್ತದೆ. ಹಾಗೆಂದು ಹೊಲದಲ್ಲಿ ಸಿಕ್ಕಿದ್ದನ್ನು ಆಲ್ಬಮಿಗೆ ಸೇರಿಸಬೇಡಿ. ಭೂಮಿಯೊಳಗೆ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನು ಇದೆ. ರಾಣೇಬೆನ್ನೂರು ತಮ್ಮ, ಇದು ನಿನಗೂ.

ರಾಣೇಬೆನ್ನೂರು ಹುಡುಗ
ಅಜ್ಜಿಯ ಪೆಟ್ಟಿಗೆ ಭೂಮಿಯೊಳಗೆ ಬರುವುದಿಲ್ಲ ಅಲ್ಲವೇ?

ಬ್ಯಾಡಗಿ ಬೀಜ
ನನ್ನದು ಸ್ವಲ್ಪ ಬೇರೆ ಹುಚ್ಚು. ಮೆಣಸಿನಕಾಯಿಯ ನಾಟಿ ತಳಿಗಳ ಬೀಜ ಸೇರಿಸುತ್ತೇನೆ. ಬ್ಯಾಡಗಿ ಎಂದರೆ ಎಲ್ಲರಿಗೂ ಒಂದೇ ಕೆಂಪು. ನಮಗೆ ಡಬ್ಬಿ ಬೇರೆ, ಕಡ್ಡಿ ಬೇರೆ. ಡಬ್ಬಿ ದಪ್ಪ, ಸುಕ್ಕು ಹೆಚ್ಚು, ಬಣ್ಣ ಜಾಸ್ತಿ, ಖಾರ ಕಡಿಮೆ. ಕಡ್ಡಿ ಉದ್ದ, ತೆಳು. ಅದರೊಳಗೂ ಒಂದೊಂದು ಊರಿನ ಹಿರಿಯರು ಒಂದೊಂದು ಬಗೆ ಆರಿಸಿಕೊಂಡು ಬಂದಿದ್ದಾರೆ.

ನೀವು ತಟ್ಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದು. ನಾನು ಹಾಗೆ ಮಾಡಿದರೆ ಎರಡು ಮೂರು ವರ್ಷದಲ್ಲಿ ಬೀಜ ಮೊಳೆಯುವುದನ್ನು ನಿಲ್ಲಿಸುತ್ತದೆ. ಪ್ರತಿ ಬಾರಿ ಬಿತ್ತಬೇಕು, ಪಕ್ಕದ ಹೊಲದ ಹೈಬ್ರಿಡ್ ಪರಾಗ ಬೀಳದಂತೆ ಬಲೆ ಕಟ್ಟಬೇಕು, ಮತ್ತೆ ಬೀಜ ತೆಗೆಯಬೇಕು. ಎರಡನೆಯ, ಮೂರನೆಯ ಪ್ರತಿ ಏಕೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ನಾಲ್ಕು ಊರಿನ ನಾಲ್ಕು ಜನರಿಗೆ ಬೀಜ ಕೊಟ್ಟಿರುತ್ತೇವೆ. ನನ್ನ ಹೊಲಕ್ಕೆ ರೋಗ ಬಂದರೆ ಅವರಿಂದ ವಾಪಸ್ ತರುತ್ತೇನೆ. ನಿಮ್ಮಲ್ಲಿ ಬಚ್ಚಿಡುವ ಚಟ ಏಕಿದೆ ಎಂದೇ ನನಗೆ ತಿಳಿಯದು.

ಸಾಧನಕೇರಿ ಕಾಕಾ
ಬೀಜ ಒಂದಕ್ಕೆ ನೂರಾಗುತ್ತದೆ ಸ್ವಾಮಿ. ಗಾಂಧಾರಿಯ ತಟ್ಟೆ ಬಿತ್ತಿದರೆ ಬೆಳೆಯುವುದಿಲ್ಲ. ನಾಳೆ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗುತ್ತೇನೆ. ನಿರ್ಧಾರ ಆಯಿತು.

ಕಾಳಿ ಎರಡು
ಹೋಗುವ ತೊಂದರೆ ತೆಗೆದುಕೊಳ್ಳಬೇಡಿ ಕಾಕಾ. ಆ ತಟ್ಟೆಯನ್ನು ಇಂದು ಮಧ್ಯಾಹ್ನ ನಾನು ತಂದೆ. ಸಾವಿರದ ಇನ್ನೂರಕ್ಕೆ ಒಪ್ಪಿದ.

ಕುಂದಗೋಳದ ಕಿವಿ
ಭಲೇ! ‘ಯಂತ್ರದ ಚಮತ್ಕಾರ, ಹಗಲುದರೋಡೆ, ಬಿಟ್ಟುಬಿಡಿ’ ಎಂದು ಇಲ್ಲಿ ಬರೆದು ಎದ್ದು ಅಲ್ಲಿಗೆ ಹೋದಿರಾ?

ಬೈಲಿನ ರದ್ದಿ
ಎರಡನೆಯ ಜಾತಿ ಎಂದು ನಾನು ಮೇಲೆ ಬರೆದಿದ್ದೆ.

ಸಾಧನಕೇರಿ ಕಾಕಾ
ಇದು ಯಾವ ಸೀಮೆಯ ನ್ಯಾಯ? ವಿಷಯ ಇಟ್ಟವನು ನಾನು, ಓಣಿ ಹೇಳಿದವನು ನಾನು!

ಕಾಳಿ ಎರಡು
ಓಣಿ ಹೇಳಿದ್ದಕ್ಕೆ ಧನ್ಯವಾದ. ಸಿಟ್ಟಾಗಬೇಡಿ, ನನ್ನ ಬಳಿ ಇದರ ಒಂದು ಪ್ರತಿಯೂ ಇರಲಿಲ್ಲ, ನಿಮ್ಮ ಬಳಿ ಎರಡಿವೆ. ನೀವು ನಿಮ್ಮೆರಡನ್ನು ತನ್ನಿ, ನಾನು ಇದನ್ನು ತರುತ್ತೇನೆ, ಮೂರನ್ನೂ ಒಟ್ಟಿಗೆ ಇಳಿಸೋಣ. ನನ್ನಲ್ಲಿ ವೇಗ ಹೊಂದಿಸುವ ಯಂತ್ರವಿದೆ. ಈಗ ತೊಳೆಯಬೇಕು, ಮೇಲೆಲ್ಲ ಬೂಷ್ಟು. ಸ್ಪಿರಿಟ್ ಹಾಕಬಹುದೇ?

ಕುಂದಗೋಳದ ಕಿವಿ
ಅಯ್ಯೋ ಮಹರಾಯರೇ, ಕೈ ತೆಗೆಯಿರಿ! ಈ ತಟ್ಟೆ ವಿನೈಲ್ ಅಲ್ಲ, ಅರಗಿನದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಗೆರೆಯೂ ಹೋಗುತ್ತದೆ, ಗಾಂಧಾರಿಯೂ ಹೋಗುತ್ತಾಳೆ. ತಣ್ಣೀರಿಗೆ ಎರಡು ಹನಿ ಸೌಮ್ಯವಾದ ಸೋಪು, ಮೆತ್ತನೆಯ ಬಟ್ಟೆ, ಗೆರೆಯ ಗುಂಟ ಒರೆಸಿ. ಲೇಬಲ್ ಒದ್ದೆಯಾಗಬಾರದು. ಒಣಗಿದ ಮೇಲೆ ಪುಸ್ತಕ ನಿಲ್ಲಿಸಿದಂತೆ ನಿಲ್ಲಿಸಿ, ಒಂದರ ಮೇಲೊಂದು ಹೇರಬೇಡಿ. ಉಕ್ಕಿನ ಮುಳ್ಳಿನ ಹಳೆಯ ಯಂತ್ರದಲ್ಲಿ ಹಾಕುವುದಾದರೆ ಬದಿಗೊಂದು ಹೊಸ ಮುಳ್ಳು. ತಟ್ಟೆಗಿಂತ ಮುಳ್ಳು ಸವೆಯಲಿ ಎಂದೇ ಹಾಗೆ ಮಾಡಿದ್ದಾರೆ.

ಅಟ್ಟದ ಕೆಳಗಿನವಳು
ಚೀಲದೊಳಗೆ ಚೀಟಿ ಬರೆದಿಡಿ ಕಾಳಿಯವರೇ: ‘ಸಾಧನಕೇರಿ ಕಾಕಾ ಅವರ ಬಾಯಿಂದ ಕಸಿದದ್ದು, ಸಾವಿರದ ಇನ್ನೂರು.’

ಸಾಧನಕೇರಿ ಕಾಕಾ
ಭಾನುವಾರ ಬರುತ್ತೇನೆ. ನನ್ನ ಎರಡೂ ತಟ್ಟೆ ನನ್ನ ಕೈಯಲ್ಲಿಯೇ ಇರುತ್ತವೆ, ಯಾರೂ ಮುಟ್ಟಬಾರದು. ಕುಂದಗೋಳದವರೂ ಬರಲಿ, ಸಾಕ್ಷಿಗೆ.

ಕುಂದಗೋಳದ ಕಿವಿ
ಬರುತ್ತೇನೆ. ಲೈನ್ ಬಜಾರಿನಿಂದ ಪೇಢೆ ತರುವ ಪಾಳಿ ಕಾಳಿಯವರದು. ಎಂಟು ನೂರು ಉಳಿಸಿದ್ದಾರೆ.

ಗದುಗಿನ ಅಂಚೆಚೀಟಿ
ಬ್ಯಾಡಗಿಯವರೇ, ಇವರ ಜಗಳ ನಡೆಯಲಿ. ಡಬ್ಬಿಯ ಬೀಜ ಸ್ವಲ್ಪ ಸಿಗಬಹುದೇ? ನಮ್ಮ ಹಿತ್ತಲಿನಲ್ಲಿ ಕಪ್ಪು ಮಣ್ಣಿದೆ.

ಬ್ಯಾಡಗಿ ಬೀಜ
ಕೊಡುತ್ತೇನೆ. ವಿಳಾಸ ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶ ಕಳಿಸಿ. ಬೆಲೆಯಿಲ್ಲ, ಆದರೆ ಮುಂದಿನ ಸುಗ್ಗಿಗೆ ಒಂದು ಹಿಡಿ ಬೀಜ ವಾಪಸ್ ಬರಬೇಕು. ಹಿತ್ತಲಿನಲ್ಲಿ ಬೇರೆ ಮೆಣಸಿನ ಗಿಡ ಇದ್ದರೆ ಮೊದಲೇ ಹೇಳಿ.